ಮಾತಿಲ್ಲದ ವೀರಗಲ್ಲುಗಳು: ಉತ್ತರ ಕೊಂಕಣದ ಯುದ್ಧಸ್ಮಾರಕಗಳನ್ನು ಕನ್ನಡ ಶಾಸನಗಳ ನೆರವಿನಿಂದ ಓದುವ ಬಗೆ

ಯುದ್ಧದಲ್ಲಿ ಮಡಿದವನನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ಅನೇಕ ಸಮಾಜಗಳು ಮುಖ್ಯವಾಗಿ ಮೂರು ಸಾಧನಗಳನ್ನು ಬಳಸಿವೆ: ಅವನಿಗೆ ಸಂದ ಗೌರವಚಿಹ್ನೆ, ಅವನು ತೊಟ್ಟ ಯುದ್ಧದ ಉಡುಪು ಮತ್ತು ಅವನಿಗಾಗಿ ನಿಲ್ಲಿಸಿದ ಸ್ಮಾರಕ. ಮಧ್ಯಕಾಲೀನ ದಖ್ಖನಿನಲ್ಲಿ ಈ ಮೂರೂ ಒಂದೆಡೆ ಕೂಡುವ ಆಕರವೆಂದರೆ ವೀರಗಲ್ಲು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳನ್ನು ಒಳಗೊಂಡ ಪ್ರದೇಶವು ಹಿಂದೆ ಶಿಲಾಹಾರರು ಆಳಿದ ಉತ್ತರ ಕೊಂಕಣದ ಹೃದಯಭಾಗವಾಗಿದ್ದಿತು. ಈ ಪ್ರದೇಶದ ವೀರಗಲ್ಲುಗಳಲ್ಲಿ ಹೆಚ್ಚಿನವು ಬರಹವಿಲ್ಲದವು. ಕರ್ನಾಟಕದ ವೀರಗಲ್ಲುಗಳಲ್ಲಾದರೋ ಬರಹವುಳ್ಳವು ವಿಪುಲವಾಗಿವೆ. ಹೀಗಿರುವುದರಿಂದ, ಮಾತಾಡುವ ಕಲ್ಲುಗಳ ನೆರವಿನಿಂದ ಮಾತಿಲ್ಲದ ಕಲ್ಲುಗಳನ್ನು ಎಷ್ಟರಮಟ್ಟಿಗೆ ಓದಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಹೊರನಾಡಿನ ಸಂಶೋಧಕರ ಉಪಯೋಗಕ್ಕಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರದೇಶ ಮತ್ತು ಪದ

ಉತ್ತರ ಕೊಂಕಣದ ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಸಾಮಂತರು. ಅಮೋಘವರ್ಷನ ಕಾಲದ ಕಾಣ್ಹೇರಿ ಗುಹಾಶಾಸನಗಳಲ್ಲಿ ಪುಲ್ಲಶಕ್ತಿ, ಕಪರ್ದಿ ಎಂಬ ಶಿಲಾಹಾರ ಅರಸರ ಹೆಸರುಗಳು ಬರುತ್ತವೆ. ಕಲ್ಯಾಣದ ಸಮೀಪದ ಅಂಬರನಾಥ ದೇವಾಲಯದ ಶಾಸನವು ಶಕವರ್ಷ 982ರದು, ಅಂದರೆ ಕ್ರಿ.ಶ. 1060ರದು. ಅದು ಮುಮ್ಮುಣಿಯ ಆಳ್ವಿಕೆಗೆ ಸೇರಿದೆ. ಈ ವಂಶದ ಶಾಸನಗಳ ಭಾಷೆ ಪ್ರಧಾನವಾಗಿ ಸಂಸ್ಕೃತ, ಲಿಪಿ ನಾಗರಿ. ಆದರೂ ಅರಸರ ಬಿರುದುಗಳ ಸಾಲಿನಲ್ಲಿ 'ಮಲಗಲಗಂಡ', 'ನನ್ನಿಸಮುದ್ರ' ಮೊದಲಾದ ಕನ್ನಡ ರೂಪಗಳು ಉಳಿದುಕೊಂಡಿವೆ. 'ಗಂಡ' ಎಂದರೆ ಶೂರ, 'ನನ್ನಿ' ಎಂದರೆ ಸತ್ಯ. ಸಂಸ್ಕೃತ ಪಾಠದ ನಡುವೆ ಈ ಬಿರುದುಗಳು ಅನುವಾದಗೊಳ್ಳದೆ ನಿಂತಿರುವುದು ಗಮನಾರ್ಹ. ಶೌರ್ಯವನ್ನು ಹೊಗಳುವ ಪರಿಭಾಷೆಯು ಕನ್ನಡ ರಾಜಾಸ್ಥಾನಗಳ ಸಂಪರ್ಕದಿಂದ ಇಲ್ಲಿಗೆ ಬಂದಿತೆಂಬುದಕ್ಕೆ ಇದೊಂದು ಸೂಚನೆ.

ಮರಾಠಿಯಲ್ಲಿ ಇಂತಹ ಸ್ಮಾರಕಕ್ಕೆ 'ವೀರಗಳ' ಎಂದು ಹೆಸರು. ಇದರ ಉತ್ತರಪದ ಕನ್ನಡದ 'ಕಲ್' ಎಂಬುದೇ. ಆದರೆ ಪದ ಕನ್ನಡದ್ದೆಂದ ಮಾತ್ರಕ್ಕೆ ಕಲ್ಲಿನಲ್ಲಿರುವ ವೀರನು ಕನ್ನಡಿಗನೆಂದು ಹೇಳಲಾಗದು. ಪದದ ಪ್ರಸಾರ ಬೇರೆ, ಜನರ ವಲಸೆ ಬೇರೆ. ಈ ಎಚ್ಚರವನ್ನು ಮೊದಲಿಗೇ ಹೇಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

2. ಶಾಸನಗಳು ಹೇಳುವ ವೀರಗೌರವಗಳು

ಇಂದು ಸೈನಿಕನ ಗೌರವವೆಂದೊಡನೆ ಎದೆಯ ಮೇಲಿನ ಪದಕ ನೆನಪಾಗುತ್ತದೆ. ಕನ್ನಡ ಶಾಸನಗಳಲ್ಲಿ ಕಾಣುವ ಗೌರವಗಳ ಸ್ವರೂಪ ಬೇರೆ. ಅವನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

ಮೊದಲನೆಯದು ಭೂಮಿ. ವೀರನಿಗೆ ಅರಸನು ಕೊಡುವ ದತ್ತಿಗೆ 'ಬಾಳ್ಗಚ್ಚು' ಎಂಬ ಹೆಸರಿದೆ. 'ಬಾಳ್' ಎಂದರೆ ಕತ್ತಿ, 'ಕರ್ಚು' ಎಂದರೆ ತೊಳೆ. ರಕ್ತಸಿಕ್ತವಾದ ಕತ್ತಿಯನ್ನು ತೊಳೆದು ಕೊಟ್ಟ ದತ್ತಿಯೆಂಬುದು ಇದರ ಅರ್ಥ. ಮಡಿದವನ ನೆನಪಿಗೆ ಕಲ್ಲು ನಿಲ್ಲಿಸಿ ಬಿಟ್ಟ ಭೂಮಿ 'ಕಲ್ನಾಡು'. ನೆತ್ತರು ಸುರಿಸಿದವನ ಮನೆಯವರಿಗೆ ಸಲ್ಲುವ ಭೂಮಿ 'ನೆತ್ತರುಗೊಡಗೆ'. ಎರಡನೆಯದು 'ಪಟ್ಟ', ಅಂದರೆ ಹಣೆಗೆ ಕಟ್ಟುವ ಪಟ್ಟಿ ಮತ್ತು ಅದರೊಡನೆ ಬರುವ ಪದವಿ. ಮೂರನೆಯದು ಕಾಲಿಗೆ ತೊಡುವ 'ತೊಡರು' ಅಥವಾ 'ಪೆಂಡೆಯ'. ನಾಲ್ಕನೆಯದು ಬಿರುದು.

ಇವುಗಳಿಗೆ ಮೂರು ಉದಾಹರಣೆಗಳನ್ನು ನೋಡಬಹುದು. ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ಶಾಸನದ ಪ್ರಕಾರ ನಾಗತ್ತರನು ಗಂಗ ಎರೆಯಪನ ಪರವಾಗಿ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ಮಡಿದನು. ಅದನ್ನು ಕೇಳಿದ ಎರೆಯಪನು ಇರುಗನಿಗೆ 'ನಾಗತ್ತರಪಟ್ಟ'ವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಇಲ್ಲಿ ಗೌರವವು ಸತ್ತವನೊಡನೆ ಮುಗಿಯಲಿಲ್ಲ; ಅವನ ಹೆಸರೇ ಪಟ್ಟವಾಗಿ ಇನ್ನೊಬ್ಬನ ಹಣೆಗೆ ಏರಿತು. ಹಳೇಬೀಡಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಸ್ಮಾರಕಸ್ತಂಭವಿದೆ. ಅವನೂ ಅವನ ಅನುಯಾಯಿಗಳೂ ಒಡೆಯನೊಡನೆ ಸಾಯುವ ವ್ರತದ ಗುರುತಾಗಿ ಎಡಗಾಲಿಗೆ ವೀರದ ತೊಡರನ್ನು ತೊಟ್ಟಿದ್ದರು. ಅರಸನು ಮೆಚ್ಚಿ ಕೊಡುವ ಆಭರಣವು ಇಲ್ಲಿ ಪ್ರಾಣವನ್ನು ಒತ್ತೆಯಿಟ್ಟ ಗುರುತೂ ಆಗಿದೆ.

ಮೂರನೆಯದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಅದರ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗ ಬೂತುಗನು ಅವನ ಪಕ್ಷದಲ್ಲಿದ್ದನು. ಬೂತುಗನ ಭಟನಾದ ಮಣಲೇರನು ಆ ಯುದ್ಧದಲ್ಲಿ ಪರಾಕ್ರಮ ತೋರಿದನು. ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದುದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ ಹಂದಿಯೊಡನೆಯೇ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಬೂತುಗನು ಮಣಲೇರನಿಗೆ ಭೂಮಿಯನ್ನು ಬಾಳ್ಗಚ್ಚಾಗಿ ಕೊಟ್ಟುದೂ ಅದೇ ಕಲ್ಲಿನಲ್ಲಿ ದಾಖಲಾಗಿದೆ.

3. ಚಿತ್ರ ಹೇಳುವುದೆಷ್ಟು

ಆತಕೂರಿನ ಕಲ್ಲಿನ ಶಿಲ್ಪದಲ್ಲಿ ಕಾಣುವುದು ನಾಯಿ ಮತ್ತು ಹಂದಿಯ ಕಾಳಗ ಮಾತ್ರ. ಬರಹವೊಂದು ಅಳಿಸಿಹೋಗಿದ್ದರೆ ಆ ಚಿತ್ರವನ್ನು ನೋಡಿ ತಕ್ಕೋಲದ ಯುದ್ಧವನ್ನಾಗಲಿ, ಮಣಲೇರನನ್ನಾಗಲಿ, ಬಾಳ್ಗಚ್ಚನ್ನಾಗಲಿ ಯಾರೂ ಊಹಿಸಲಾರರು. ಬೇಗೂರಿನ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ಯುದ್ಧ ಸವಿವರವಾಗಿ ಮೂಡಿದೆ. ಆದರೆ ಪಟ್ಟವು ಇರುಗನಿಗೆ ಸಂದಿತೆಂಬುದು ಬರಹದಿಂದಲೇ ತಿಳಿಯಬೇಕು. ಸಾಧಾರಣವಾಗಿ ಚಿತ್ರವು ಸಾವಿನ ಬಗೆಯನ್ನು ಹೇಳುತ್ತದೆ. ಹೆಸರು, ಕಾಲ, ಒಡೆಯ, ಗೌರವ ಇವನ್ನು ಬರಹ ಹೇಳುತ್ತದೆ.

ಉಡುಪಿನ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಶಿಲ್ಪದ ವೀರನು ಹೆಚ್ಚಾಗಿ ವೀರಗಚ್ಚೆ ಹಾಕಿ, ತುರುಬು ಕಟ್ಟಿ, ಸೊಂಟದಲ್ಲಿ ಸುರಗಿ ಸಿಕ್ಕಿಸಿಕೊಂಡು, ಕೈಯಲ್ಲಿ ಕತ್ತಿ-ಗುರಾಣಿ ಅಥವಾ ಬಿಲ್ಲು ಹಿಡಿದಿರುತ್ತಾನೆ. ಮೇಲೆ ಸತ್ತಿಗೆ ಇದ್ದರೆ ಅವನು ಅಂತಸ್ತಿನವನೆಂದು ತಿಳಿಯಬಹುದು. ಇಂದಿನ ಅರ್ಥದ ಸಮವಸ್ತ್ರವನ್ನು, ಅಂದರೆ ಉಡುಪು ನೋಡಿ ದಳವನ್ನು ಗುರುತಿಸುವ ವ್ಯವಸ್ಥೆಯನ್ನು, ಇಲ್ಲಿ ಹುಡುಕುವುದು ಸಲ್ಲದು.

ಇದಕ್ಕೆ ವ್ಯತಿರಿಕ್ತವಾದ ಒಂದು ಸಂಪ್ರದಾಯವನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಪಶ್ಚಿಮ ಸರ್ಬಿಯಾದ ದ್ರಾಗಾಚೆವೊ ಪ್ರದೇಶದಲ್ಲಿ 'ಕ್ರಾಯ್‌ಪುತಾಶಿ' ಎಂಬ ದಾರಿಬದಿಯ ಸ್ಮಾರಕಶಿಲೆಗಳಿವೆ. ದೂರದ ರಣರಂಗಗಳಲ್ಲಿ ಮಡಿದು, ದೇಹ ಊರಿಗೆ ಮರಳದ ಸೈನಿಕರಿಗಾಗಿ ಮನೆಯವರು ಅವನ್ನು ನಿಲ್ಲಿಸಿದರು. 1912-13ರ ಬಾಲ್ಕನ್ ಯುದ್ಧಗಳಲ್ಲಿಯೂ ಮೊದಲನೆಯ ಮಹಾಯುದ್ಧದಲ್ಲಿಯೂ ಮಡಿದವರ ಕಲ್ಲುಗಳು ಅವುಗಳಲ್ಲಿ ಸೇರಿವೆ. ಅವುಗಳ ಮೇಲೆ ಸೈನಿಕನನ್ನು ಸಮವಸ್ತ್ರ, ಟೋಪಿ, ಬಂದೂಕು, ಪದಕಗಳೊಡನೆ ಕೆತ್ತಿ ಬಣ್ಣ ಬಳಿಯುತ್ತಿದ್ದರು. ಜೊತೆಗೆ ದಾರಿಹೋಕನನ್ನು ಉದ್ದೇಶಿಸಿದ ಬರಹವಿರುತ್ತಿತ್ತು. ಅಲ್ಲಿ ಪದಕವೂ ಸಮವಸ್ತ್ರವೂ ಚಿತ್ರದಲ್ಲಿಯೇ ಗೋಚರಿಸುತ್ತವೆ. ನಮ್ಮಲ್ಲಿ ಭೂಮಿ, ಪಟ್ಟ, ಬಿರುದುಗಳು ಚಿತ್ರಕ್ಕೆ ಒಗ್ಗುವಂಥವಲ್ಲ. ಆದರೆ ಉದ್ದೇಶದಲ್ಲಿ ಸಾಮ್ಯವಿದೆ: ಅಲ್ಲಿ ಹೆದ್ದಾರಿಯ ಬದಿ, ಇಲ್ಲಿ ಊರಬಾಗಿಲು, ಕೆರೆಯ ಏರಿ, ದೇಗುಲದ ಅಂಗಳ. ಎರಡೂ ಹೋಗಿಬರುವವರ ಕಣ್ಣಿಗೆ ಬೀಳಲೆಂದು ನಿಲ್ಲಿಸಿದವು.

4. ಎಕ್ಸರ್ ಕಲ್ಲುಗಳ ಸಮಸ್ಯೆ

ಉತ್ತರ ಕೊಂಕಣದ ವೀರಗಲ್ಲುಗಳಲ್ಲಿ ಅತ್ಯಂತ ಪ್ರಸಿದ್ಧವಾದವು ಬೊರಿವಲಿಯ ಎಕ್ಸರ್ ಗ್ರಾಮದ ಆರು ಕಲ್ಲುಗಳು. ಇಂದು ಈ ಸ್ಥಳ ಮುಂಬಯಿ ಉಪನಗರಕ್ಕೆ ಸೇರಿದೆ. 1882ರಲ್ಲಿ ಪ್ರಕಟವಾದ ಥಾಣೆ ಜಿಲ್ಲಾ ಗೆಜೆಟಿಯರಿನಲ್ಲಿ ಇವುಗಳ ವಿಸ್ತೃತ ವರ್ಣನೆಯಿದೆ. ಕೆರೆಯ ದಡದ ಈ ಕಲ್ಲುಗಳ ನೆತ್ತಿಯಲ್ಲಿ ಕಲಶ, ಅದರ ಕೆಳಗೆ ಮಾಲೆ ಹಿಡಿದ ಗಗನಚಾರಿಗಳು, ಅವುಗಳಿಗೂ ಕೆಳಗಿನ ಪಟ್ಟಿಕೆಗಳಲ್ಲಿ ಯುದ್ಧದೃಶ್ಯಗಳಿವೆ. ಕೆಲವುಗಳಲ್ಲಿ ಸಾಲು ಹುಟ್ಟುಗಳುಳ್ಳ ಹಡಗುಗಳು ಕಾದಾಟಕ್ಕೆ ಸಾಗುತ್ತಿರುವುದು ಇವುಗಳ ವೈಶಿಷ್ಟ್ಯ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಎಂಬ ಕರ್ನಾಟಕದ ವೀರಗಲ್ಲುಗಳ ಕ್ರಮವನ್ನು ಬಲ್ಲವರಿಗೆ ಇವುಗಳ ಒಟ್ಟು ವಿನ್ಯಾಸ ಅಪರಿಚಿತವೆನಿಸದು.

ಇವುಗಳ ಕಾಲವನ್ನು ನಿರ್ಣಯಿಸಬಲ್ಲ ಬರಹ ದೊರೆತಿಲ್ಲ. ಶಿಲಾಹಾರರ ಕೊನೆಯ ಅರಸ ಸೋಮೇಶ್ವರನಿಗೂ ದೇವಗಿರಿಯ ಸೇವುಣ ಮಹಾದೇವನಿಗೂ ಸುಮಾರು 1265ರಲ್ಲಿ ನಡೆದ ಯುದ್ಧಕ್ಕೆ ಇವು ಸಂಬಂಧಿಸಿರಬಹುದೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಸೋಮೇಶ್ವರನು ಸಮುದ್ರದಲ್ಲಿ ಮುಳುಗಿದನೆಂದು ಮಹಾದೇವನ ಮಂತ್ರಿ ಹೇಮಾದ್ರಿಯ ಪ್ರಶಸ್ತಿ ಹೇಳುತ್ತದೆ. ನವಿಮುಂಬಯಿಗೆ ಸಮೀಪದ ಉರಣ ಪ್ರದೇಶದ ರಾನವಡ ಮತ್ತು ಚಾಂಜೆ ಶಾಸನಗಳು, ಶಕವರ್ಷ 1181 ಮತ್ತು 1182ರವು, ಈ ಅರಸನ ಆಳ್ವಿಕೆಯನ್ನು ದೃಢಪಡಿಸುತ್ತವೆ. ಶೈಲಿಯ ಆಧಾರದಿಂದ ಕಲ್ಲುಗಳನ್ನು 11ನೆಯ ಶತಮಾನಕ್ಕೆ ಒಯ್ಯುವವರೂ ಇದ್ದಾರೆ.

ಯುದ್ಧವು ನಡೆದುದು ನಿಜ, ಕಲ್ಲಿನಲ್ಲಿ ಹಡಗುಗಳಿರುವುದೂ ನಿಜ. ಆದರೆ ಎರಡನ್ನೂ ಜೋಡಿಸುವ ಕೊಂಡಿ ಕಲ್ಲಿನಲ್ಲಿಲ್ಲ. ಹಂದಿಯ ಚಿತ್ರದಿಂದ ತಕ್ಕೋಲಕ್ಕೆ ಹೋಗಲು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಹಡಗಿನ ಚಿತ್ರವೊಂದರಿಂದಲೇ 1265ಕ್ಕೆ ಹೋಗುವುದು ಸಾಧ್ಯವಿಲ್ಲ. ಆದುದರಿಂದ ಎಕ್ಸರ್ ಕಲ್ಲುಗಳು ನೌಕಾಯುದ್ಧದಲ್ಲಿ ಮಡಿದ ಅಂತಸ್ತಿನ ವೀರರ ಸ್ಮಾರಕಗಳು ಎಂಬಲ್ಲಿಗೆ ನಿಲ್ಲುವುದು ಉಚಿತ. ಅರಸರ ಹೆಸರನ್ನು ಊಹೆಯೆಂದೇ ಬರೆಯಬೇಕು.

5. ಸಂಶೋಧಕರು ಗಮನಿಸಬೇಕಾದುದು

ಥಾಣೆಯಲ್ಲಿ 1787ರಲ್ಲಿ ಅಡಿಪಾಯ ತೋಡುವಾಗ ಅರಿಕೇಸರಿಯ ಶಕವರ್ಷ 939ರ ತಾಮ್ರಪಟಗಳು ದೊರೆತವು. ಕೆಲವೇ ಕಾಲದಲ್ಲಿ ಅವುಗಳ ಅನುವಾದ 'ಏಷ್ಯಾಟಿಕ್ ರಿಸರ್ಚಸ್'ನ ಮೊದಲ ಸಂಪುಟದಲ್ಲಿ ಅಚ್ಚಾಯಿತು. ಅಕ್ಷರವಿದ್ದ ವಸ್ತುವಿಗೆ ಹೀಗೆ ಬೇಗ ರಕ್ಷಣೆ ಸಿಗುತ್ತದೆ. ಅಕ್ಷರವಿಲ್ಲದ ಕಲ್ಲು ಅಡಿಪಾಯಕ್ಕೋ ಗೋಡೆಗೋ ಸೇರುವ ಸಂಭವ ಹೆಚ್ಚು. ಕಟ್ಟಡಗಳು ಒತ್ತೊತ್ತಾಗಿ ಏಳುತ್ತಿರುವ ಈ ನಗರಗಳಲ್ಲಿ ಬರಹವಿಲ್ಲದ ಕಲ್ಲಿಗೆ ಅದು ನಿಂತ ಸ್ಥಳವೇ ಉಳಿದಿರುವ ಮುಖ್ಯ ಸಾಕ್ಷ್ಯ. ಕೆರೆಯ ಏರಿಯಿಂದ ಎತ್ತಿ ಉದ್ಯಾನದಲ್ಲಿ ನೆಟ್ಟ ಕಲ್ಲು ಅಂದವಾಗಿ ಕಾಣಬಹುದು. ಮೊದಲಿನ ನೆಲೆಯನ್ನು ದಾಖಲಿಸದಿದ್ದರೆ ಅದರ ಅರ್ಧ ಚರಿತ್ರೆ ನಷ್ಟವಾದಂತೆಯೇ.

ಆದುದರಿಂದ ಕ್ಷೇತ್ರಕಾರ್ಯದಲ್ಲಿ ಮೊದಲು ಸ್ಥಳ, ಮುಖ ಮಾಡಿದ ದಿಕ್ಕು, ಅಳತೆ, ಪಟ್ಟಿಕೆಗಳ ಸಂಖ್ಯೆ ಇವನ್ನು ಗುರುತಿಸಿಕೊಳ್ಳಬೇಕು. 'ಬರಹವಿಲ್ಲ' ಎಂದು ನಿರ್ಧರಿಸುವ ಮುನ್ನ ಪಟ್ಟಿಕೆಗಳ ನಡುವಣ ಅಂಚುಗಳನ್ನು ಓರೆ ಬೆಳಕಿನಲ್ಲಿ ಪರೀಕ್ಷಿಸಬೇಕು. ಕರ್ನಾಟಕದ ಕಲ್ಲುಗಳಲ್ಲಿ ಅಕ್ಷರಗಳು ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ಅನೇಕ ಕಲ್ಲುಗಳು ಸಿಂದೂರ, ಎಣ್ಣೆ ಬಳಿಸಿಕೊಂಡು ದೇವರಾಗಿ ಪೂಜೆಗೊಳ್ಳುತ್ತವೆ. ಆ ಪೂಜೆಯೇ ಅವನ್ನು ಈವರೆಗೆ ಉಳಿಸಿದೆ ಎಂಬುದನ್ನು ಮರೆಯದೆ, ಪೂಜಿಸುವವರ ಒಪ್ಪಿಗೆಯಿಲ್ಲದೆ ಕಲ್ಲನ್ನು ಮುಟ್ಟಬಾರದು. ಅವರು ಕರೆಯುವ ಹೆಸರನ್ನೂ ಹೇಳುವ ಕಥೆಯನ್ನೂ ಬರೆದುಕೊಳ್ಳಬೇಕು.

ಶಾಸನಗಳ ಕನ್ನಡವನ್ನು ಬಲ್ಲವರಿಗೆ ಪಟ್ಟ, ತೊಡರು, ಕಲ್ನಾಡು, ಬಾಳ್ಗಚ್ಚುಗಳ ಅರ್ಥ ತಿಳಿದಿರುತ್ತದೆ. ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲಸಿರುವ ಕನ್ನಡಿಗರಲ್ಲಿ ಅಂತಹ ಆಸಕ್ತರು ಮರಾಠಿ ಸಂಶೋಧಕರೊಡನೆ ಸೇರಿ ಊರೂರಿನ ಕಲ್ಲುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಎರಡೂ ಭಾಷೆಗಳ ಅಧ್ಯಯನಕ್ಕೆ ಉಪಕಾರವಾಗುತ್ತದೆ. ಮಡಿದವರ ಹೆಸರುಗಳನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಅವರಿಗಾಗಿ ನಿಂತ ಕಲ್ಲು ಎಲ್ಲಿತ್ತು, ಹೇಗಿತ್ತು ಎಂಬುದನ್ನಾದರೂ ಉಳಿಸುವುದು ಈಗಲೂ ಸಾಧ್ಯವಿದೆ.