ಕ್ರಮವಿಧಿಗಳ ಸ್ವಯಂಚಾಲಿತ ಮೌಲ್ಯಮಾಪನ: ಸ್ವರೂಪ ಮತ್ತು ಮಿತಿಗಳು

ಗಣಕ ವಿಜ್ಞಾನದ ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಬರೆಯುವ ಪ್ರೋಗ್ರಾಂಗಳನ್ನು, ಅಂದರೆ ಕ್ರಮವಿಧಿಗಳನ್ನು, ಗಣಕವೇ ಪರಿಶೀಲಿಸಿ ಅಂಕ ನೀಡುವ ವ್ಯವಸ್ಥೆಯನ್ನು ಸ್ವಯಂಚಾಲಿತ ಮೌಲ್ಯಮಾಪನ ಎನ್ನಲಾಗುತ್ತದೆ. ಮೇಲುನೋಟಕ್ಕೆ ಇದೊಂದು ತಾಂತ್ರಿಕ ಅನುಕೂಲತೆ ಮಾತ್ರವೆಂದು ತೋರಬಹುದು. ಆದರೆ ಸರಿಯುತ್ತರವೆಂದರೆ ಯಾವುದು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗಳು ಇದರೊಳಗೆ ಅಡಗಿವೆ. ಕನ್ನಡ ಪಠ್ಯವನ್ನು ನಿರ್ವಹಿಸುವ ಕ್ರಮವಿಧಿಗಳ ಸಂದರ್ಭದಲ್ಲಿ ಈ ಪ್ರಶ್ನೆಗಳು ಇನ್ನಷ್ಟು ಸ್ಪಷ್ಟವಾಗಿ ಎದುರಾಗುತ್ತವೆ.

ಈ ಪದ್ಧತಿ ಇತ್ತೀಚಿನದಲ್ಲ. ಅಮೆರಿಕದ ರೆನ್ಸೆಲಿಯರ್ ಪಾಲಿಟೆಕ್ನಿಕ್ ಸಂಸ್ಥೆಯ ಜಾಕ್ ಹಾಲಿಂಗ್ಸ್‌ವರ್ತ್ ಅವರು 1960ರಲ್ಲಿಯೇ ಈ ಕುರಿತು ಲೇಖನವನ್ನು ಪ್ರಕಟಿಸಿದ್ದರು. ವಿದ್ಯಾರ್ಥಿಗಳು ರಂಧ್ರ ಕೊರೆದ ಪಂಚ್ ಕಾರ್ಡುಗಳಲ್ಲಿ ಕ್ರಮವಿಧಿಗಳನ್ನು ಒಪ್ಪಿಸುತ್ತಿದ್ದ ಕಾಲವದು. ಇಪ್ಪತ್ತು ವಿದ್ಯಾರ್ಥಿಗಳ ಮೊದಲ ಗುಂಪಿನ ಕೆಲಸವನ್ನು ಐಬಿಎಂ 650 ಗಣಕ ಐದು ನಿಮಿಷಗಳಲ್ಲಿ ಪರಿಶೀಲಿಸಿತು. ಗಣಕದ ಸಮಯ ದುಬಾರಿಯಾಗಿದ್ದ ಆ ದಿನಗಳಲ್ಲಿ ಹೆಚ್ಚು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಇದರಿಂದ ಸಾಧ್ಯವಾಯಿತು. 1965ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫೋರ್ಸೈತ್ ಮತ್ತು ವಿರ್ತ್ ಅವರು ಇಂತಹ ವ್ಯವಸ್ಥೆಯನ್ನು ವಿವರಿಸಿದರು. ಭಾರತದಲ್ಲಿ ಎನ್‌ಪಿಟಿಇಎಲ್ 2014ರಿಂದ ನಡೆಸುತ್ತಿರುವ ಪ್ರಮಾಣಪತ್ರ ಶಿಕ್ಷಣಕ್ರಮಗಳಂತಹ ಬೃಹತ್ ತರಗತಿಗಳಿಗೆ ಈ ವಿಧಾನ ಅನಿವಾರ್ಯವೇ ಆಗಿದೆ.

ಇದರ ಕಾರ್ಯವಿಧಾನ ಸರಳವಾದುದು. ಅಧ್ಯಾಪಕರು ಪ್ರಶ್ನೆಯೊಂದಿಗೆ ಕೆಲವು ಪರೀಕ್ಷಾ ದತ್ತಗಳನ್ನೂ ಅವುಗಳಿಗೆ ಬರಬೇಕಾದ ಉತ್ತರಗಳನ್ನೂ ಮೊದಲೇ ಸಿದ್ಧಪಡಿಸುತ್ತಾರೆ. ಗಣಕವು ವಿದ್ಯಾರ್ಥಿಯ ಕ್ರಮವಿಧಿಯನ್ನು ಪ್ರತ್ಯೇಕ ಆವರಣದಲ್ಲಿ ಚಾಲನೆಗೊಳಿಸಿ, ಬಂದ ಉತ್ತರವನ್ನು ನಿರೀಕ್ಷಿತ ಉತ್ತರದೊಡನೆ ಹೋಲಿಸುತ್ತದೆ. ಯಾವುದೇ ಕ್ರಮವಿಧಿ ಎಂದಾದರೂ ನಿಲ್ಲುವುದೋ ಇಲ್ಲವೋ ಎಂಬುದನ್ನು ಮುಂದಾಗಿ ನಿರ್ಣಯಿಸುವ ಸಾರ್ವತ್ರಿಕ ವಿಧಾನವಿಲ್ಲವೆಂದು ಅಲನ್ ಟ್ಯೂರಿಂಗ್ 1936ರಲ್ಲಿ ಸಾಧಿಸಿದರು. ಆದಕಾರಣ ಕಾಲಮಿತಿಯನ್ನೂ ವಿಧಿಸಲಾಗುತ್ತದೆ.

ಹೀಗೆ ಯಂತ್ರವು ನಡೆಸುವುದು ಹೋಲಿಕೆಯನ್ನೇ ಹೊರತು ವಿಮರ್ಶೆಯನ್ನಲ್ಲ. ಉದಾಹರಣೆಗೆ, ಕೊಟ್ಟ ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಕ್ರಮವಿಧಿಯಲ್ಲಿ ವಿದ್ಯಾರ್ಥಿಯು ಆರಂಭದ ಬೆಲೆಯನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದಾನೆ ಎನ್ನೋಣ. ಎಲ್ಲ ಸಂಖ್ಯೆಗಳೂ ಋಣಾತ್ಮಕವಾಗಿದ್ದಾಗ ಉತ್ತರ ತಪ್ಪಾಗುತ್ತದೆ. ಪರೀಕ್ಷಾ ದತ್ತಗಳಲ್ಲಿ ಧನಾತ್ಮಕ ಸಂಖ್ಯೆಗಳಷ್ಟೇ ಇದ್ದರೆ ಈ ದೋಷಯುಕ್ತ ಕ್ರಮವಿಧಿಗೆ ಪೂರ್ಣ ಅಂಕ ದೊರೆಯುತ್ತದೆ. ಇದಕ್ಕೆ ವಿರುದ್ಧವಾಗಿ, ತರ್ಕವೆಲ್ಲ ಸರಿಯಿದ್ದರೂ ಉತ್ತರದ ನಡುವೆ ಒಂದು ಖಾಲಿ ಜಾಗ ಹೆಚ್ಚಾದುದಕ್ಕೆ ಸೊನ್ನೆ ಬರಬಹುದು.

ಕನ್ನಡದ ಉದಾಹರಣೆಯೊಂದು ಈ ಮಿತಿಯನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. 'ಕನ್ನಡ' ಎಂಬ ಪದದ ಉದ್ದವೆಷ್ಟು ಎಂದು ಪ್ರಶ್ನೆ ಇರಲಿ. ಓದುಗನ ಎಣಿಕೆಯಲ್ಲಿ ಕ, ನ್ನ, ಡ ಎಂದು ಮೂರು ಅಕ್ಷರಗಳು. ಛಂದಶ್ಶಾಸ್ತ್ರದ ಪ್ರಕಾರ ಒತ್ತಕ್ಷರದ ಹಿಂದಿನ 'ಕ' ಗುರುವಾಗುವುದರಿಂದ ನಾಲ್ಕು ಮಾತ್ರೆಗಳು. ಯುನಿಕೋಡ್ ಸಂಕೇತಗಳನ್ನು ಎಣಿಸಿದರೆ ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದು. ಯುಟಿಎಫ್-8 ಕ್ರಮದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಹದಿನೈದು. ಈ ನಾಲ್ಕೂ ತಮ್ಮ ತಮ್ಮ ದೃಷ್ಟಿಯಿಂದ ಸರಿಯೇ. ಆದರೆ ಅಧ್ಯಾಪಕರು ಪೈತಾನ್ ಭಾಷೆಯ ಸಿದ್ಧ ಎಣಿಕೆಯನ್ನು ಅನುಸರಿಸಿ ಐದನ್ನು ಮಾತ್ರ ದಾಖಲಿಸಿದ್ದರೆ, ಒತ್ತಕ್ಷರಗಳನ್ನು ಗುರುತಿಸಿ ಮೂರೆಂದು ಎಣಿಸಲು ಶ್ರಮಿಸಿದ ವಿದ್ಯಾರ್ಥಿಗೆ ಅಂಕವಿಲ್ಲ. ಇಲ್ಲಿ ಭಾಷೆಯನ್ನು ಹೆಚ್ಚು ಅರಿತವನೇ ಅನುತ್ತೀರ್ಣನಾಗುತ್ತಾನೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವಂತಹುದಲ್ಲ. 'ಕೊಡೆ' ಎಂಬಲ್ಲಿನ ಒಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಸೇರಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಹೋಲಿಕೆಗೆ ಮೊದಲು ಇಂತಹ ರೂಪಗಳನ್ನು ಏಕರೂಪಕ್ಕೆ ತರುವ ನಿಯಮಗಳು ಯುನಿಕೋಡಿನಲ್ಲಿಯೇ ಇವೆ. ಅವುಗಳನ್ನು ಅಳವಡಿಸದಿದ್ದರೆ, ತನ್ನ ಉತ್ತರ ಏಕೆ ತಪ್ಪಾಯಿತೆಂಬುದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ.

ಈ ಮಿತಿಗಳಿಗೆ ಪರಿಹಾರಗಳಿಲ್ಲದಿಲ್ಲ. ಪ್ರಶ್ನೆಯಲ್ಲಿ ಎಣಿಕೆಯ ಘಟಕವನ್ನು ಸ್ಪಷ್ಟವಾಗಿ ಹೇಳುವುದು, ಅಂಚಿನ ಸಂದರ್ಭಗಳನ್ನೂ ದತ್ತಗಳಲ್ಲಿ ಸೇರಿಸುವುದು, ಅಂಕದೊಡನೆ ಕಾರಣವನ್ನೂ ತಿಳಿಸುವುದು ಅಗತ್ಯ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸ್ಟೀಫನ್ ಎಡ್ವರ್ಡ್ಸ್ ಅವರ ವೆಬ್-ಕ್ಯಾಟ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು ತಾವೇ ಪರೀಕ್ಷೆಗಳನ್ನು ಬರೆಯಬೇಕು. ಆ ಪರೀಕ್ಷೆಗಳ ಗುಣಮಟ್ಟವೂ ಅಂಕಕ್ಕೆ ಸೇರುತ್ತದೆ. ಇದರಿಂದ, ಯಾವುದು ಸರಿ ಎಂದು ಯೋಚಿಸುವ ಹೊಣೆಯಲ್ಲಿ ಅವರೂ ಪಾಲುಗೊಳ್ಳುತ್ತಾರೆ.

ಒಟ್ಟಿನಲ್ಲಿ, ಸ್ವಯಂಚಾಲಿತ ಮೌಲ್ಯಮಾಪನವು ಅಧ್ಯಾಪಕರ ತೀರ್ಮಾನವನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಉತ್ತರ ಬರೆಯುವ ಮುನ್ನವೇ ಕೈಗೊಳ್ಳುವಂತೆ ಮಾಡುತ್ತದೆ. ಆ ತೀರ್ಮಾನದಲ್ಲಿ ಕನ್ನಡದ ಅಕ್ಷರಸ್ವರೂಪದ ಅರಿವು ಸೇರಬೇಕಾದರೆ ಗಣಕ ವಿಭಾಗಗಳೂ ಭಾಷಾ ವಿಭಾಗಗಳೂ ಪ್ರಶ್ನೆಗಳನ್ನು ಕೂಡಿ ರೂಪಿಸುವುದು ಉಚಿತ.