ಹಾವಸೆಯೊಳಗಿನ ಗಾಜಿನ ಡಬ್ಬಿ

ಹೊಳೆಯ ಕಲ್ಲಿನ ಮೇಲೆ ಕಾಲು ಜಾರಿಸುವ ಕಂದು ಹಾವಸೆಯನ್ನು ತುಸು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ದೋಣಿಯಂಥ, ಬಿಲ್ಲೆಯಂಥ, ಸೂಜಿಯಂಥ ಗಾಜಿನ ಡಬ್ಬಿಗಳು ಕಾಣುತ್ತವೆ. ಒಂದೊಂದರಲ್ಲೂ ಒಂದು ಜೀವಕೋಶ. ಇವು ಡಯಾಟಮ್‌ಗಳು. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳದ್ದೇ.

ಗಾಜಿಗೆ ಬೇಕಾದ ಸಿಲಿಕಾನ್ ಬರುವುದು ಬಂಡೆಗಳಿಂದ. ಮಳೆನೀರು ಕಲ್ಲನ್ನು ನಿಧಾನಕ್ಕೆ ಸವೆಸಿದಾಗ ಅದು ಸಿಲಿಸಿಕ್ ಆಮ್ಲವಾಗಿ ಹೊಳೆ ಸೇರುತ್ತದೆ. ಡಯಾಟಮ್ ಅದನ್ನು ಹೀರಿ, ಒಡಲೊಳಗಿನ ಪುಟ್ಟ ಚೀಲದಲ್ಲಿ ಗಟ್ಟಿಮಾಡಿ ಗೋಡೆ ಕಟ್ಟುತ್ತದೆ. ನಮ್ಮ ಕುಲುಮೆಗಳಿಗೆ ಸಾವಿರ ಡಿಗ್ರಿಗೂ ಮಿಕ್ಕ ಕಾವು ಬೇಕು; ಈ ಜೀವಿಗೆ ತಣ್ಣೀರೇ ಸಾಕು!

ಕೋಶ ಒಡೆದು ಎರಡಾಗುವಾಗ ತಾಯಿಯ ಡಬ್ಬಿಯೂ ಪಾಲಾಗುತ್ತದೆ: ಒಬ್ಬ ಮಗಳಿಗೆ ಮುಚ್ಚಳ, ಇನ್ನೊಬ್ಬಳಿಗೆ ತಳ. ಇಬ್ಬರೂ ಸಿಕ್ಕಿದ್ದನ್ನೇ ಮುಚ್ಚಳ ಮಾಡಿಕೊಂಡು, ಅದರೊಳಗೆ ಕೂರುವ ಹೊಸ ತಳ ಕಟ್ಟಿಕೊಳ್ಳುತ್ತಾರೆ. ಹಾಗಾಗಿ ತಳ ಪಡೆದವಳ ಮನೆ ತುಸು ಚಿಕ್ಕದು. ತಲೆಮಾರುಗಳು ಕಳೆದು ತೀರಾ ಚಿಕ್ಕದಾದ ಮೇಲೆ, ಲೈಂಗಿಕ ಸಂತಾನೋತ್ಪತ್ತಿಯ ಮೂಲಕ ಹಳೆಯ ಗಾತ್ರ ಮರಳುತ್ತದೆ. ಹೊಸ ಗೋಡೆಗೆಲ್ಲ ಸಿಲಿಕಾನ್ ಬೇಕಲ್ಲ; ಸಾರಜನಕ, ರಂಜಕ, ಬಿಸಿಲು ಎಷ್ಟೇ ಇರಲಿ, ಸಿಲಿಕಾನ್ ಮುಗಿದರೆ ಬಹುತೇಕ ಡಯಾಟಮ್‌ಗಳ ಬೆಳವಣಿಗೆ ನಿಂತೇಹೋಗುತ್ತದೆ.

ಸಿಲಿಕಾನ್ ಕೊರತೆಯ ಬೆಲೆ ತಿಳಿದದ್ದು ಯುರೋಪಿನಲ್ಲಿ. ಡ್ಯಾನ್ಯೂಬ್ ನದಿಗೆ 1972ರಲ್ಲಿ 'ಐರನ್ ಗೇಟ್ಸ್' ಅಣೆಕಟ್ಟು ಬಂತು. ಆಮೇಲೆ ನದಿ ಕಪ್ಪು ಸಮುದ್ರಕ್ಕೆ ಒಯ್ಯುವ ಸಿಲಿಕಾನ್ ಮೂರನೇ ಎರಡರಷ್ಟು ಕುಸಿಯಿತೆಂದು ಕ್ರಿಸ್ಟಾಫ್ ಹುಂಬೋರ್ಗ್ ಮತ್ತು ಸಂಗಡಿಗರು 1997ರಲ್ಲಿ ಬರೆದರು. ಮುಂದಿನ ಅಧ್ಯಯನಗಳು ಆ ಒಂದೇ ಕಟ್ಟೆಯನ್ನು ದೂರಲಿಲ್ಲ, ಮೇಲ್ಹರಿವಿನ ಕಟ್ಟೆಗಳತ್ತಲೂ ಬೆರಳು ತೋರಿದವು. ಕುಸಿತಕ್ಕೆ ಕಾರಣ ಸರಳ. ನಿಂತ ನೀರಿನಲ್ಲಿ ಡಯಾಟಮ್‌ಗಳು ಹುಲುಸಾಗಿ ಬೆಳೆದು, ಸತ್ತು, ಸಿಲಿಕಾನನ್ನು ಹೊತ್ತೇ ಹೂಳಿಗೆ ಇಳಿಯುತ್ತವೆ. ಹೊಲದ ಗೊಬ್ಬರ ಮಾತ್ರ ಕೆಳಗೆ ಹರಿಯುತ್ತಲೇ ಇತ್ತು. ಕಡಲಲ್ಲಿ ಸಿಲಿಕಾನ್ ಬೇಡದ ಪಾಚಿಗಳ ಕೈ ಮೇಲಾಯಿತು.

ನದಿಗೆ ಕಟ್ಟೆ ಕಟ್ಟುವಾಗ ನೀರಿನ ಲೆಕ್ಕ ಹಾಕುತ್ತೇವೆ, ವಿದ್ಯುತ್ತಿನ ಲೆಕ್ಕ ಹಾಕುತ್ತೇವೆ. ಕರಗಿದ ಕಲ್ಲಿನ ಲೆಕ್ಕ ಯಾರ ಕಡತದಲ್ಲೂ ಇರುವುದಿಲ್ಲ ಎಂಬುದು ನನ್ನ ಕೊರಗು. ಆದರೆ ಹೋಲಿಸಿ ನೋಡಲು ನಮ್ಮಲ್ಲಿ ಹಳೆಯ ದಾಖಲೆಯಿದೆ: ಭಾರತದ ಡಯಾಟಮ್ ಅಧ್ಯಯನಕ್ಕೆ ಬುನಾದಿ ಹಾಕಿದ ಎಚ್.ಪಿ. ಗಾಂಧಿ, ಶರಾವತಿ ಸೀಮೆಯ ಸಾಗರ ಊರಿನ ಡಯಾಟಮ್‌ಗಳ ಬಗ್ಗೆ 1959ರಲ್ಲೇ ಬರೆದರು, ಜೋಗದವನ್ನೂ ದಾಖಲಿಸಿದರು. ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಗಾಂಧಿಯವರ ಬರಹಗಳನ್ನು ಮುಂದಿಟ್ಟುಕೊಂಡು ಅದೇ ಹೊಳೆಗಳ ಹಾವಸೆಯನ್ನು ಮತ್ತೆ ನೋಡಲಿ, ನೀರಿನ ಸಿಲಿಕಾನನ್ನೂ ಅಳೆಯಲಿ.