ಒಬ್ಬ ಗುರು, ಹಲವು ಪಾತ್ರ

ಅಧ್ಯಾಪಕರ ಕೆಲಸವೇನೆಂದು ಕೇಳಿದರೆ ‘ಪಾಠ ಹೇಳುವುದು’ ಎಂದು ಯಾರಾದರೂ ಉತ್ತರಿಸಿಯಾರು. ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಒಬ್ಬರೇ ಅಧ್ಯಾಪಕರು ಹತ್ತು ಜನ ವಿದ್ಯಾರ್ಥಿಗಳಿಗೆ ಹತ್ತು ಬಗೆಯಾಗಿ ಕಾಣುತ್ತಾರೆ. ಇದಕ್ಕೆ ಕಾರಣ ಅಧ್ಯಾಪಕರ ಸ್ವಭಾವಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಯ ಅಗತ್ಯವೇ ಎಂಬುದು ನನ್ನ ತಿಳಿವಳಿಕೆ.

ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಇದಕ್ಕೊಂದು ಉಜ್ವಲ ನಿದರ್ಶನವಿದೆ. 1891ರಲ್ಲಿ ಮಂಗಳೂರಿನಲ್ಲಿ ಜನಿಸಿದ ಪಂಡಿತ ತಾರಾನಾಥರು, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನಲ್ಲಿ 1920ರ ಸುಮಾರಿಗೆ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ಅವರು ಶಿಕ್ಷಕರು ಮಾತ್ರವಲ್ಲ. ಆಯುರ್ವೇದ ವೈದ್ಯರು, ಸಂಗೀತಜ್ಞರು, ನಾಟಕಕಾರರು, ‘ಪ್ರೇಮ’ ಪತ್ರಿಕೆಯ ಸಂಪಾದಕರು. ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನೂ ಕಟ್ಟಿದರು. 1942ರಲ್ಲಿ ಕಾಲವಾದರು. ‘ಹಮ್‌ದರ್ದ್’ ಎಂದರೆ ನೋವಿನಲ್ಲಿ ಪಾಲುಗೊಳ್ಳುವವನು. ಗುರುವಿನ ಎಲ್ಲ ಪಾತ್ರಗಳ ಮೂಲ ಆ ಒಂದು ಹೆಸರಿನಲ್ಲಿಯೇ ಅಡಗಿದೆ. ಒಬ್ಬೊಬ್ಬರ ನೋವು ಒಂದೊಂದು ಬಗೆ. ಪಾಲುಗೊಳ್ಳುವ ರೀತಿಯೂ ಬೇರೆಯಾಗಲೇಬೇಕು.

ಇಂದಿನ ದೇವದುರ್ಗ ತಾಲ್ಲೂಕನ್ನೇ ನೋಡೋಣ. ತಂದೆತಾಯಿಗಳು ದುಡಿಮೆಗಾಗಿ ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಬಳಿ ಉಳಿದ ಹುಡುಗನಿಗೆ ಶಿಕ್ಷಕರೇ ಪಾಲಕರು. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ತಪ್ಪಿಸುವ ಹುಡುಗಿಯ ಮನೆಗೆ ಹೋಗಿ, ‘ಅಕ್ಕಾ, ಇವಳನ್ನು ನಾಳೆಯಿಂದ ಕಳಿಸಿರಿ’ ಎಂದು ಕೇಳುವಾಗ ಅವರೇ ಅವಳ ವಕೀಲರು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು, ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಈ ಭಾಗದವರಿಗೆ ಮೀಸಲಾತಿ ದೊರೆಯಿತು. ಆದರೆ ಅರ್ಹತಾ ಪ್ರಮಾಣಪತ್ರಕ್ಕೆ ಯಾವ ಕಾಗದ ಜೋಡಿಸಬೇಕು, ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಓದಿದವರಿಲ್ಲದ ಮನೆಯಲ್ಲಿ ಹೇಳುವವರು ಯಾರು? ಅಲ್ಲಿ ಅಧ್ಯಾಪಕರು ಮನೆಯ ಹಿರಿಯಣ್ಣ. ಇನ್ನು ಎಲ್ಲ ಅನುಕೂಲವಿರುವ ಜಾಣ ವಿದ್ಯಾರ್ಥಿಗೆ ಬೇಕಾದುದು ಸಹಾಯವಲ್ಲ, ಅವನ ಲೇಖನದ ಪೊಳ್ಳನ್ನು ತೋರಿಸಿಕೊಡುವ ನಿಷ್ಠುರ ವಿಮರ್ಶಕ.

ಹಾಗೆಂದು ಹಮ್‌ದರ್ದ್ ಎಂಬುದಕ್ಕೆ ಧಾರಾಳವಾಗಿ ಅಂಕ ಕೊಡುವುದೆಂದು ಅರ್ಥವಲ್ಲ. ಮಧ್ಯಾಹ್ನ ವಿದ್ಯಾರ್ಥಿಯ ಕಷ್ಟವನ್ನು ಕೇಳಿದವರೇ ಸಂಜೆ ಅವನ ತಪ್ಪು ಉತ್ತರಕ್ಕೆ ಸೊನ್ನೆ ಹಾಕಬೇಕಾಗುತ್ತದೆ. ಈ ಎರಡು ಪಾತ್ರಗಳನ್ನು ಒಟ್ಟಿಗೆ ನಿರ್ವಹಿಸುವುದೇ ಕಠಿಣ. ಅನುಕಂಪದಿಂದ ಅಂಕ ಪಡೆದವನು ಮುಂದೆ ಹೊರಗಿನ ಪರೀಕ್ಷೆಯಲ್ಲಿ ಒಂಟಿಯಾಗಿ ಸೋಲುತ್ತಾನೆ. ಆಗ ಅವನ ಜೊತೆಗೆ ಅಧ್ಯಾಪಕರಿರುವುದಿಲ್ಲ. ಅರ್ಜಿಯ ವಿಷಯವೂ ಹೀಗೆಯೇ. ತಾವೇ ತುಂಬಿಕೊಡುವ ಗುರುವಿಗಿಂತ, ಪಕ್ಕದಲ್ಲಿ ಕುಳಿತು ನಮ್ಮಿಂದಲೇ ತುಂಬಿಸುವ ಗುರು ಮೇಲು. ಏಕೆಂದರೆ ತನ್ನ ಅಗತ್ಯವಿಲ್ಲದಂತೆ ಮಾಡುವುದೇ ಪ್ರತಿಯೊಂದು ಪಾತ್ರದ ಗುರಿ.

ನಮ್ಮ ಮನೆಯಲ್ಲಿ ಪದವಿ ತರಗತಿಗೆ ಬಂದವರಲ್ಲಿ ನಾನೇ ಮೊದಲಿಗ. ಮುಂದೆ ಕಾಲೇಜಿಗೆ ಬರುವ ನನ್ನ ತಂಗಿಗೆ ಅರ್ಜಿ, ಪ್ರಮಾಣಪತ್ರಗಳ ದಾರಿಯನ್ನು ಅಧ್ಯಾಪಕರು ಹೇಳಬೇಕಾಗಿಲ್ಲ, ಅದಕ್ಕೆ ನಾನಿದ್ದೇನೆ. ಅವರ ಹೊರೆಯಲ್ಲಿ ಅಷ್ಟು ಇಳಿಯಿತು. ಉಳಿದ ಸಮಯದಲ್ಲಿ ಅವರು ಅವಳಿಗೆ ಇನ್ನೊಂದಿಷ್ಟು ಪಾಠ ಹೇಳಲಿ.